ಮರಿಯಯ್ಯನ ಹಿಡಿ ಅಕ್ಕಿ

ಇಟ್ಟಿಗೆಗೂಡು ಬಡಾವಣೆಯ ಆ ಪುಟ್ಟ ಚರ್ಚಿನಲ್ಲಿ ಕಡೆಯ ಬೆಂಚು ಸಾಮಾನ್ಯವಾಗಿ ಖಾಲಿ ಇರುತ್ತಿತ್ತು. ಅದು ಶಿಸ್ತಿನ ಬೆಂಚು. ತಪ್ಪು ಮಾಡಿದವರು ಅಲ್ಲಿ ಕೂರಬೇಕು. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತಿಗೆ ಎದ್ದು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಬೇಕು. ಸಭೆಯ ಮುಂದೆ ತಪ್ಪೊಪ್ಪಿಕೊಂಡ ಮೇಲೆ, ಮೊದಲು ಯಾರು ದೂರು ತಂದಿದ್ದರೋ ಅವರೇ ಬಂದು ಕೈಹಿಡಿದು ಮುಂದಿನ ಬೆಂಚಿಗೆ ಕರೆದುಕೊಂಡು ಹೋಗಬೇಕು. ಈ ನಿಯಮ ಮಾಡಿದ ಹಳೆಯ ದೊರೆ ಪಾದ್ರಿ ಯಾರೋ ಮನುಷ್ಯರನ್ನು ಚೆನ್ನಾಗಿ ಬಲ್ಲವನಾಗಿರಬೇಕು. ಆ ಸಭೆಯಲ್ಲಿ ದೂರುಗಳು ಬಹಳ ಕಡಿಮೆ.

ನಿವೃತ್ತ ಹೆಡ್‌ಮಾಸ್ಟರ್ ಕರಿಬಸವಯ್ಯನವರು ಸಭೆಯ ಹಿರಿಯರು. ಅವರ ತಂದೆಯ ಕಾಲದಲ್ಲೇ ಮನೆತನ ಕ್ರೈಸ್ತವಾಗಿತ್ತು. ಹೆಸರಿನಲ್ಲಿ ಬಸವ ಹಾಗೇ ಉಳಿದುಕೊಂಡಿದ್ದ, ಅವನನ್ನು ಎಬ್ಬಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಇವರು ಜೀವಮಾನದಲ್ಲಿ ತಂದ ದೂರು ಒಂದೇ. ಅದು ಹೆಂಡತಿಯ ತಮ್ಮ ಮರಿಯಯ್ಯನ ಮೇಲೆ.

ಮರಿಯಯ್ಯ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ನಲವತ್ತೈದನೇ ಇಸವಿಯಲ್ಲಿ ಒಂದು ನಾಟಕದ ಕಂಪನಿಯ ಹಿಂದೆ ಹೊರಟುಹೋದ, ಹಾರ್ಮೋನಿಯಂ ಸಮೇತ. ಅದು ಹಿಡಿ ಅಕ್ಕಿಯ ಹಾರ್ಮೋನಿಯಂ. ಸಭೆಯ ಹೆಂಗಸರು ದಿನಾ ಅನ್ನಕ್ಕಿಡುವಾಗ ಮನೆಮಂದಿಯ ತಲೆಗೊಂದು ಹಿಡಿ ಅಕ್ಕಿ ಚೀಲಕ್ಕೆ ಹಾಕಿ, ಭಾನುವಾರ ಚರ್ಚಿಗೆ ತಂದು ಒಪ್ಪಿಸಿ, ಏಳು ವರ್ಷ ಕೂಡಿಸಿ ಕೊಂಡದ್ದು. ಮನೆಮನೆಗೆ ಹೋಗಿ ಆ ಕೆಲಸ ಮಾಡಿಸಿದವಳು ಅವನ ತಾಯಿ ಬೆಟ್ಟಮ್ಮ. ಮಗ ಹೋದ ಎರಡು ವರ್ಷಕ್ಕೆ ಅವಳು ಅಳಿಯನ ಮನೆಯಲ್ಲೇ ಕಣ್ಣು ಮುಚ್ಚಿದಳು.

ಮರಿಯಯ್ಯ ಹೋದಂದಿನಿಂದ ಕೀರ್ತನೆ ಎತ್ತಿಕೊಡುವ ಕೆಲಸ ಕರಿಬಸವಯ್ಯನವರಿಗೆ ಬಿತ್ತು. ಅವರು ಹಿಡಿದ ಎತ್ತರದ ಶ್ರುತಿಗೆ ಮೂರನೇ ಸಾಲಿನಲ್ಲಿ ಗಂಡಸರು ಸುಮ್ಮನಾಗುತ್ತಿದ್ದರು, ನಾಲ್ಕನೆಯದರಲ್ಲಿ ಹೆಂಗಸರು. ಕೊನೆಗೆ ಉಳಿಯುತ್ತಿದ್ದವರು ಅವರೊಬ್ಬರೇ. ಸಭೆಯಲ್ಲಿ ಭಕ್ತಿ ಇಳಿಯುತ್ತಿದೆ ಎಂದು ಅವರು ಕೊರಗುತ್ತಿದ್ದರು.

ಒಂಬತ್ತು ವರ್ಷದ ಮೇಲೆ, ಒಂದು ಭಾನುವಾರ, ಮರಿಯಯ್ಯ ಯಾರೂ ಹೇಳದಿದ್ದರೂ ತಾನೇ ಬಂದು ಕಡೆಯ ಬೆಂಚಿನಲ್ಲಿ ಕೂತಿದ್ದ. ಪಾಸ್ಟರು ಕರಿಬಸವಯ್ಯನವರನ್ನು ಕರೆದು, ಬರುವ ಭಾನುವಾರ ಪ್ರಭುಭೋಜನವಿದೆ, ಅವನು ತಪ್ಪೊಪ್ಪಿಕೊಳ್ಳಲಿ, ನೀವು ಕೈಹಿಡಿದು ಕರೆತನ್ನಿ ಎಂದರು. ಅಂದು ಬೈಬಲ್ ಓದಿ ಪ್ರಸಂಗ ಮಾಡುವ ಸರದಿಯೂ ಇವರದೇ. ವಿಷಯ ಆಗಲೇ ಗೊತ್ತುಮಾಡಿಕೊಂಡಿದ್ದರು: ನಾಶ ಬರುತ್ತದೆಂದು ಯೋನ ಪ್ರವಾದಿ ಸಾರಿದ್ದು, ನಿನೆವೆ ಪಟ್ಟಣ ಪಶ್ಚಾತ್ತಾಪಪಟ್ಟದ್ದು. ಅಲ್ಲಿನ ಅರಸ ಸಿಂಹಾಸನ ಬಿಟ್ಟಿಳಿದು ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕೂತ. ಪಶ್ಚಾತ್ತಾಪವೆಂದರೆ ಹಾಗಿರಬೇಕು.

ಶನಿವಾರ ಸಂಜೆ ಮರಿಯಯ್ಯ ಮನೆಗೆ ಬಂದ. ಕರಿಬಸವಯ್ಯನವರು ಮೂರು ಹಾಳೆ ಕೈಗಿಟ್ಟರು.

"ನಿನ್ನ ತಪ್ಪೊಪ್ಪಿಗೆ. ಬರೆದಿಟ್ಟಿದ್ದೀನಿ. ಓದ್ಕೊ."

ಮರಿಯಯ್ಯ ನಿಧಾನವಾಗಿ ಓದಿದ. "ಭಾವ, ಎರಡು ಕಡೆ ಚುಕ್ಕಿ ಚುಕ್ಕಿ ಇಟ್ಟಿದ್ದೀರಲ್ಲ?"

"ನಂಗೆ ಗೊತ್ತಿಲ್ಲದ ಪಾಪ ಇರ್ತವಲ್ಲ. ಜಾಗ ಬಿಟ್ಟಿದ್ದೀನಿ, ನೀನೇ ತುಂಬ್ಕೊ. ಹಾರ್ಮೋನಿಯಂ ಏನಾಯ್ತು?"

"ದಾವಣಗೆರೆ ಕ್ಯಾಂಪಲ್ಲಿ ಕಂಪನಿ ಮುಳುಗೋಯ್ತು. ಪರದೆ, ಕಿರೀಟ, ಎಲ್ಲ ಹರಾಜು ಹಾಕುದ್ರು. ಅದೂ ಹೋಯ್ತು."

"ನಿಮ್ಮವ್ವ ಸಾಯೋವಾಗ ಬಾಗಿಲ ಕಡೆನೇ ನೋಡ್ತಿದ್ಲು ಕಣಯ್ಯ. ನೀನು ಹಾಕ್ಬೇಕಾಗಿದ್ದ ಮಣ್ಣು ನಾನು ಹಾಕ್ದೆ."

ಮರಿಯಯ್ಯ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು, ಅಡುಗೆಮನೆಯ ಬಾಗಿಲಿಗೆ ಹೋಗಿ, "ಬರ್ತೀನಕ್ಕ" ಎಂದು ಹೊರಟ.

ಕರಿಬಸವಯ್ಯನವರು ಅಡುಗೆಮನೆಗೆ ಬಂದರು. ಹೆಂಡತಿ ಸುಮಿತ್ರಮ್ಮ ಅಕ್ಕಿ ಅಳೆಯುತ್ತಿದ್ದರು.

"ನೋಡಿದ್ಯಾ? ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನಾನು ಕೈ ಹಿಡಿಯೋದಿಲ್ಲ. ನಾಳೆ ಎದ್ದು ನಿಂತು ಹೇಳ್ತೀನಿ. ಸಭೆ ಬಿಟ್ಟು ಹೋದೋನು ಹೋದೋನೇ."

ಸುಮಿತ್ರಮ್ಮ ಎಂದಿನಂತೆ ಹಿಡಿ ಅಕ್ಕಿಯ ಚೀಲಕ್ಕೆ ಇಬ್ಬರ ಎರಡು ಹಿಡಿ ಹಾಕಿದರು. ಪಕ್ಕದ ಮೊಳೆಯಲ್ಲಿದ್ದ ಇನ್ನೊಂದು ಚೀಲಕ್ಕೆ ಒಂದು ಹಿಡಿ.

"ರೀ, ಹೊರಗಿನೋರು ಹಿಡಿ ಅಕ್ಕಿ ಕೊಟ್ರೆ ತಗೋತೀರಾ?"

"ಉಂಟೇ? ಸಭೆಯೋರ್ದು ಮಾತ್ರ. ಆ ನಿಯಮ ನಾನೇ ಬರೆದಿದ್ದು."

"ಈ ಎರಡ್ನೇ ಚೀಲ ಯಾರ್ದು ಅಂದ್ಕೊಂಡಿದ್ರಿ?"

"ನಿಂದೇ. ಭಕ್ತಿ ಜಾಸ್ತಿ ಅಂತ."

"ನಂಗೆ ಅಷ್ಟು ಭಕ್ತಿ ಯಾವತ್ತಿತ್ತು? ಅದು ಮರೀದು. ಅವ್ನು ಹೋದ ದಿನದಿಂದ ಅವ್ನ ಪಾಲಿಂದು ಅವ್ವ ಹಾಕ್ತಿದ್ಲು. ಸಾಯೋ ಮುಂಚೆ ಚೀಲ ನನ್ ಕೈಗೆ ಕೊಟ್ಲು. ವಾರವಾರಾನೂ ಅದನ್ನ ತಗೊಂಡು, ಕಣ್ಣು ಮುಚ್ಚಿ ಆಮೆನ್ ಅಂದು ಬುಟ್ಟಿಗೆ ಸುರ್ದೋರು ನೀವೇ. ಒಂಬತ್ತು ವರ್ಷ. ಇನ್ನು ಅವ್ನು ಸಭೆ ಬಿಟ್ಟಿದ್ದು ಯಾವಾಗ?"

ಕರಿಬಸವಯ್ಯನವರು ಬಾಗಿಲ ಚೌಕಟ್ಟು ಹಿಡಿದು ನಿಂತರು. "ಇದು ಮೋಸ."

"ಹೌದು ಕಣ್ರೀ."

"ಅವನ ಮೇಲೆ ನಿಂಗೆ ಸಿಟ್ಟೇ ಇಲ್ವೇನು?"

"ನಿಮಗಿಂತ ಜಾಸ್ತಿ ಇದೆ. ಸಿಟ್ಟು ಬೇರೆ, ಅಕ್ಕಿ ಬೇರೆ. ಕೈಕಾಲು ತೊಳ್ಕೊಳಿ, ಊಟಕ್ಕಾಯ್ತು."

ಊಟವಾದ ಮೇಲೆ ಪ್ರಸಂಗಕ್ಕೆಂದು ಯೋನನ ಕಥೆ ತೆಗೆದರು. ಮೂವತ್ತಾರು ವರ್ಷ ಭಾನುವಾರದ ಶಾಲೆಯಲ್ಲಿ ಹೇಳಿದ ಕಥೆ. ಯಾವಾಗಲೂ ನಿನೆವೆಯವರು ಬೂದಿಯಲ್ಲಿ ಕೂರುವಲ್ಲಿಗೆ ಗಂಟೆ ಹೊಡೆಸುತ್ತಿದ್ದರು. ಆಮೇಲಿನ ಭಾಗ ಮಕ್ಕಳಿಗೆ ತಕ್ಕದ್ದಲ್ಲ: ಪ್ರವಾದಿಯೊಬ್ಬ ಮುನಿಸಿಕೊಂಡು ಕೂರುವುದು ಒಳ್ಳೆಯ ಉದಾಹರಣೆಯಲ್ಲ. ಇವತ್ತು ಕೊನೆಯವರೆಗೂ ಓದಿದರು. ದೇವರು ಆ ಪಟ್ಟಣವನ್ನು ಉಳಿಸಿದ್ದಕ್ಕೆ ಪ್ರವಾದಿಗೆ ಕೆಂಡದಂಥ ಕೋಪ. ನೀನು ಹೀಗೆ ಮಾಡುತ್ತೀಯೆಂದು ನನಗೆ ಮೊದಲೇ ಗೊತ್ತಿತ್ತು, ನೀನು ಕರುಣೆ ಬಿಡುವವನಲ್ಲ, ಅದಕ್ಕೇ ಮೊದಲು ಸಾರಲೊಲ್ಲದೆ ಓಡಿಹೋಗಿದ್ದೆ ಎಂದು ದೇವರ ಮುಖಕ್ಕೇ ಹೇಳುತ್ತಾನೆ. ನೆರಳಿಗಿದ್ದ ಸೋರೆ ಬಳ್ಳಿ ಒಣಗಿತೆಂದು ಸಾಯುವಷ್ಟು ಸಂಕಟಪಡುತ್ತಾನೆ. ಆಗ ದೇವರು ಕೇಳುತ್ತಾನೆ: ನೀನು ನೆಡದ ಬಳ್ಳಿಗೆ ನೀನು ಇಷ್ಟು ಮರುಗಿದರೆ, ಅಷ್ಟು ಜನರಿಗೆ ನಾನು ಮರುಗಬಾರದೇ?

ಉತ್ತರಕ್ಕಾಗಿ ಕರಿಬಸವಯ್ಯನವರು ಪುಟ ತಿರುಗಿಸಿದರು. ಅಲ್ಲಿ ಬೇರೊಬ್ಬ ಪ್ರವಾದಿ ಶುರುವಾಗಿದ್ದ. ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿದರು. ಬಿಟ್ಟ ಜಾಗ ತುಂಬಿರಿ ಎಂಬಂಥ ಪ್ರಶ್ನೆಗಳನ್ನು ಅವರು ಸಾವಿರಾರು ಕೊಟ್ಟಿದ್ದರು. ತಮಗೆ ಯಾರೂ ಕೊಟ್ಟಿರಲಿಲ್ಲ.

ಭಾನುವಾರದ ಪ್ರಸಂಗದಲ್ಲಿ ನಿನೆವೆಯ ಅರಸ ಬೂದಿಯಲ್ಲಿ ಚೆನ್ನಾಗಿಯೇ ಕೂತ. ಅಷ್ಟರಲ್ಲಿ ಪಕ್ಕದ ಮೃಗಾಲಯದ ಸಿಂಹ ಗರ್ಜಿಸಿತು. ಅದು ಎಲ್ಲರ ಪ್ರಸಂಗಕ್ಕೂ ಹಾಗೆ ಮಾಡುತ್ತಿದ್ದುದರಿಂದ ಯಾರೂ ತಲೆ ತಿರುಗಿಸಲಿಲ್ಲ. ಕರಿಬಸವಯ್ಯನವರು ಬಳ್ಳಿಗೆ ಬಂದರು, ಪ್ರಶ್ನೆಗೆ ಬಂದರು. "ಪ್ರವಾದಿ ಏನು ಉತ್ತರ ಕೊಟ್ಟ ಅಂತ ಬರೆದಿಲ್ಲ" ಎಂದು ಹೇಳಿ ಕೂತುಬಿಟ್ಟರು. ಅವರು ಮಾಡಿದ ಅತಿ ಚಿಕ್ಕ ಪ್ರಸಂಗ ಅದು. ಚೆನ್ನಾಗಿತ್ತೆಂದು ಆಮೇಲೆ ಹಲವರು ಹೇಳಿದರು.

ಪಾಸ್ಟರು ಮರಿಯಯ್ಯನನ್ನು ಕರೆದರು. ಅವನು ಎದ್ದು ಹಾಳೆಗಳನ್ನು ಬಿಡಿಸಿದ, ನೋಡಿದ, ಮತ್ತೆ ಮಡಿಸಿದ.

"ಹೋಗಿದ್ದೆ. ನಿಮ್ಮೆಲ್ಲರ ಅಕ್ಕಿ ಹೊತ್ಕೊಂಡೇ ಹೋಗಿದ್ದೆ. ಅವ್ವ ಇಲ್ಲದಂಗಾದ ಮೇಲೆ ಬಂದೆ. ತಪ್ಪಾಯ್ತು."

ಅಷ್ಟೇ. ಮೂರು ಹಾಳೆ ಜೇಬಿನಲ್ಲೇ ಉಳಿಯಿತು. ಸಭೆಯೆಲ್ಲ ಕರಿಬಸವಯ್ಯನವರ ಕಡೆ ತಿರುಗಿತು. ಅವರು ಎದ್ದರು. ಕಾಲು ಕಡೆಯ ಬೆಂಚಿನ ಕಡೆಗೂ ಬರಲಿಲ್ಲ, ಬಾಗಿಲ ಕಡೆಗೂ ಹೋಗಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಕೀರ್ತನೆ ಎತ್ತಿಕೊಂಡರು, ಎಂದಿನ ಶ್ರುತಿಯಲ್ಲೇ. ಎರಡನೇ ಸಾಲಿಗೆ ಹಾಡು ನಿಂತುಹೋಯಿತು. ಸುಮಿತ್ರಮ್ಮ ತೊಡೆಯ ಮೇಲಿನ ಎರಡು ಚೀಲಗಳನ್ನು ನೋಡುತ್ತ ಕೂತಿದ್ದರು.

ಆಗ ಕಡೆಯ ಬೆಂಚಿನಿಂದ ಒಂದು ದನಿ ಅದೇ ಸಾಲನ್ನು ಮೂರು ಮೆಟ್ಟಿಲು ಕೆಳಗಿನ ಶ್ರುತಿಯಲ್ಲಿ ಹಿಡಿಯಿತು. ಒಬ್ಬೊಬ್ಬರಾಗಿ ಜನ ಸೇರಿಕೊಂಡರು. ಕರಿಬಸವಯ್ಯನವರು ನಡೆದು ಹೋಗಿ ಮರಿಯಯ್ಯನ ಕೈ ಹಿಡಿದರು. ಹಿಡಿದದ್ದು ಮಣಿಕಟ್ಟನ್ನು, ಗೋಡೆ ಹಾರಿದ ಹುಡುಗನನ್ನು ಶಾಲೆಯಲ್ಲಿ ಹಿಡಿಯುತ್ತಿದ್ದಂತೆ. ಅವರಿಗೆ ಬರುತ್ತಿದ್ದುದು ಅದೊಂದೇ ರೀತಿ.

"ಶ್ರುತಿ ಇಳಿಸಿಬಿಟ್ಯಲ್ಲ" ಎಂದರು, ಅವನಿಗೆ ಮಾತ್ರ ಕೇಳುವಂತೆ.

"ಹಾಡೋಕಾಗ್ಲಿ ಅಂತ ಭಾವ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಸಭೆಯೆಲ್ಲ ನಾಲ್ಕನೇ ಸಾಲು ಮುಟ್ಟಿತು. ಮುಂದಿನ ಬೆಂಚಿನಲ್ಲಿ ಮರಿಯಯ್ಯನ ಪಕ್ಕ ಕೂತ ಕರಿಬಸವಯ್ಯನವರೊಬ್ಬರು ಹಾಡುತ್ತಿರಲಿಲ್ಲ. ಅವರ ಸಿಟ್ಟು ಇನ್ನೂ ಹಾಗೇ ಇತ್ತು. ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.