ಆರನೇ ಬೆರಳಿನ ಕೈಗುಣ

ನನ್ನ ಎರಡೂ ಕೈಗೆ ಆರಾರು ಬೆರಳು. ಹುಟ್ಟಿದಾಗ ಅಜ್ಜಿ ಎರ್ರೆಮ್ಮ, ಮನೆಗೆ ಲಕ್ಷ್ಮಿಯೇ ಬಂದಳೆಂದು ಲಕ್ಷ್ಮಿದೇವಿ ಅಂತ ಹೆಸರಿಟ್ಟು, ತನ್ನ ಕಿರಿಮಗ ಪಾಲಾಕ್ಷನಿಗೇ ಈ ಕೂಸು ಎಂದು ಅಂದೇ ಗೊತ್ತುಮಾಡಿದಳಂತೆ. ಅಕ್ಕನ ಮಗಳನ್ನು ತರುವುದು ನಮ್ಮಲ್ಲಿ ಹೊಸದೇನಲ್ಲ. ನಮ್ಮಪ್ಪನೂ ಅವ್ವನಿಗೆ ಸೋದರಮಾವನೇ. ನಮ್ಮೂರು ಇಟ್ಟಿಗಿಯಲ್ಲಿ ಬಿತ್ತನೆಯ ಮೊದಲ ಹಿಡಿ ಬೀಜ ನನ್ನ ಕೈಯಿಂದಲೇ ಬೀಳಬೇಕು, ಕೈಗುಣ ಅಷ್ಟು ಒಳ್ಳೆಯದಂತೆ. ಅದೇ ಜನ, ನಾನು ಮುಸ್ಸಂಜೆ ಮಲ್ಲಿಗೆ ತೋಟದಲ್ಲಿ ಎಡವಿ ಬಿದ್ದರೆ, ಕಣ್ಣು ನೆತ್ತಿಗೇರಿವೆಯೇ ಎಂದು ಬೈಯುತ್ತಿದ್ದರು.

ಈ ವರ್ಷ ಇರುಳುಗಣ್ಣು ಜಾಸ್ತಿಯಾಗಿ ದಾವಣಗೆರೆಗೆ ಹೋದೆವು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಬಿಡಿಸಿ ಹೇಳಿದರು. ಮೈಯೊಳಗಿನ ಪ್ರೊಟೀನುಗಳನ್ನು ಸೀರೆ ಮಡಚಿದಂತೆ ಸರಿಯಾಗಿ ಮಡಚಲು ನೆರವಾಗುವ ಜೀನೊಂದು ನನ್ನಲ್ಲಿ ಕೆಟ್ಟಿದೆ. ಅಪ್ಪನಿಂದ ಬಂದದ್ದೂ ಕೆಟ್ಟದ್ದೇ, ಅವ್ವನಿಂದ ಬಂದದ್ದೂ ಕೆಟ್ಟದ್ದೇ. ಹೆಚ್ಚಿನ ಬೆರಳು, ಆರುತ್ತಿರುವ ಕಣ್ಣು, ಎರಡೂ ಅದರಿಂದಲೇ. ಅಜ್ಜಿಗೆ ಅದು ಜಿನ್ನು ಎಂದು ಕೇಳಿಸಿ, ದರ್ಗಾದಿಂದ ತಾಯಿತ ತಂದು ಕಟ್ಟಿದಳು. ನಗಲೋ ಅಳಲೋ! ದೆವ್ವವಾಗಿದ್ದರೆ ಬಿಡಿಸಬಹುದಿತ್ತಲ್ಲ.

ಪಾಲಾಕ್ಷ ಮಾವನ ರಕ್ತವನ್ನೂ ನೋಡಿದರು. ಅವನಲ್ಲೂ ಆ ಜೀನಿನ ಜೋಡಿಯಲ್ಲಿ ಒಂದು ಕೆಟ್ಟದ್ದಿತ್ತು. ಅವನಿಗೇನೂ ಆಗುವುದಿಲ್ಲವಂತೆ, ಆದರೆ ನಮಗೆ ಹುಟ್ಟುವ ಒಂದೊಂದು ಕೂಸಿಗೂ ಅರ್ಧಕ್ಕರ್ಧ ಅಪಾಯವಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಿನ್ನೆ ಹೊತ್ತು ಮುಳುಗುವಾಗ ಮಾವ ತೋಟಕ್ಕೆ ಬಂದ.

"ಮಕ್ಕಳು ಬ್ಯಾಡ ಬಿಡು. ನನಗ ನೀನ ಬೇಕು," ಎಂದ.

ಮಕ್ಕಳು ಬೇಡ ಎನ್ನುವುದು ಬಾಯಿಮಾತಿಗೆ ಸುಲಭ. ಓಣಿಯ ಕೂಸುಗಳನ್ನೆಲ್ಲ ಹೆಗಲ ಮೇಲೆ ಹೊತ್ತು ತಿರುಗುವವನು ಇವನು. ನಾಳೆ ಜನ ಆಡಿಕೊಂಡಾಗ ಅವನ ಮುಖ ಬಾಡುವುದನ್ನು ನಾನು ನೋಡಲಾರೆ. ಗಂಟುಮೋರೆ ಹಾಕಿಕೊಂಡೆ.

"ನನಗ ನೀ ಬ್ಯಾಡ. ಬ್ಯಾರೆ ಹುಡುಗಿ ನೋಡ್ಕೊ."

ಅಷ್ಟರಲ್ಲಿ ಕತ್ತಲಾಗಿ ಅವನ ಬಿಳಿ ಅಂಗಿಯೂ ನನಗೆ ಕಾಣದಾಯಿತು. ಎದುರಿಗೇ ನಿಂತಿದ್ದಾನೆಂದು ತಿಳಿದು, ತಡೆಯಲಾರದೆ ಅತ್ತುಬಿಟ್ಟೆ.

"ಸುಳ್ಳು ಹೇಳಿದ್ನಿ ಮಾವ. ನೀ ಬಿಟ್ರ ನನಗ ಯಾರದಾರ? ಕೈ ಹಿಡ್ಕೊ, ಮನಿತನಕ ಕರ್ಕೊಂಡು ಹೋಗು," ಎಂದು ಎರಡೂ ಕೈ ಚಾಚಿದೆ.

ಪಕ್ಕದ ಹೊಲದ ಗಾದೆಪ್ಪಜ್ಜ ದನ ಹೊಡೆದುಕೊಂಡು ಬದುವಿನ ಮೇಲೆ ಬರುತ್ತಿದ್ದ.

"ಯಾರ ಕೂಡ ಮಾತಾಡಾಕತ್ತೀಯವ್ವಾ? ಪಾಲಾಕ್ಷ ಆಗ್ಲೇ ರಸ್ತಿ ಮುಟ್ಯಾನ," ಎಂದ.

"ಯಾರ ಕೂಡಾನೂ ಇಲ್ಲಜ್ಜ," ಎಂದೆ.