ಗೆರೆಯಷ್ಟು ಚಂದ್ರ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಶಾಲೆಯ ಅಂಗಳದ ಬೇವಿನ ಮರವೇ ಕಾಣುತ್ತಿರಲಿಲ್ಲ. ಪೆಟ್ಟಿಗೆಯಿಂದ ನನ್ನನ್ನು ಎತ್ತಿಕೊಂಡವರು ಚನ್ನಮಲ್ಲಯ್ಯ ಮಾಸ್ತರರು. ನಾನು ಒಂದು ಪ್ರೊಜೆಕ್ಟರ್. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಾದರೂ ಕಣ್ಣು ಬಿಟ್ಟದ್ದು ಏಳನೆಯ ತರಗತಿಯ ಸುಣ್ಣದ ಗೋಡೆಯ ಎದುರು.

ಮಾಸ್ತರರು ನನ್ನನ್ನು ಸುಮ್ಮನೆ ಓಡಲು ಬಿಡುತ್ತಿರಲಿಲ್ಲ. ಚಿತ್ರವನ್ನು ನಡುವೆ ನಿಲ್ಲಿಸಿ, "ಮುಂದ ಏನಾಕ್ಕೈತಿ, ಹೇಳ್ರಿ" ಎನ್ನುವರು. ಮಕ್ಕಳು ಹೇಳಿದ ಮೇಲೆಯೇ ಮುಂದಿನದು. ಒಂದು ದಿನ, ಚಂದ್ರ ಸವೆಯುತ್ತ ಗೆರೆಯಷ್ಟಾದಾಗ ನಿಲ್ಲಿಸಿ, ಕೊನೆಯ ಸಾಲಿನ ಶರಣವ್ವನನ್ನು ಕೇಳಿದರು: "ಅಮಾಸಿ ದಿನ ಇವ ಎಲ್ಲಿ ಹೋಗ್ತಾನವ್ವಾ?"

"ನಾಳಿ ಹೇಳ್ತೀನ್ರೀ ಸರ."

"ಆತು. ನೀ ಹೇಳೂತನಕ ಅವ ಅಲ್ಲೇ ನಿಂತಿರ್ತಾನ ನೋಡು."

ಅದೇ ಸಂಜೆ ಮಾಸ್ತರರ ಎದೆಬಡಿತ ನಿಂತಿತು.

ಹೊಸದಾಗಿ ಬಂದ ಜಯಶೀಲಾ ಟೀಚರ್ ನನ್ನ ಗುಂಡಿ ಒತ್ತಿ ತಮ್ಮ ವರದಿ ಬರೆಯಲು ಕೂರುವರು. ಎಲ್ಲ ಪಾಠಗಳೂ ಓಡಿದವು. ಚಂದ್ರನದು ಮಾತ್ರ ಆ ಗೆರೆಯ ಬಳಿಯೇ ನಿಂತಿತು. ನಾನು ನಿಲ್ಲಿಸಲಿಲ್ಲ, ಆಣೆಯಿಟ್ಟು ಹೇಳುತ್ತೇನೆ. ನನ್ನೊಳಗೆ ಇನ್ನಾರದೋ ಬೆರಳಿತ್ತು, ತಣ್ಣಗಿತ್ತು.

ಆಯುಧಪೂಜೆಯಲ್ಲಿ ಮಕ್ಕಳು ನನ್ನ ಗಾಜಿಗೇ ಕುಂಕುಮ ಹಚ್ಚಿದರು. ಗೋಡೆಯ ಮೇಲೆ ಚಂದ್ರ ಕೆಂಪಾದ.

"ಕಣ್ಣಾಗ ಕುಂಕುಮ ಮೆತ್ತೀರಲ್ಲ, ಕಾಡಿಗಿನೂ ಹಚ್ಚಬೇಕಿತ್ತಿಲ್ಲೋ!" ಎಂದು ಟೀಚರ್ ಕರೆಸಿದ ರಿಪೇರಿಯವನು ನಗುತ್ತ ಒರೆಸಿದ. ಕೆಂಪು ಹೋಯಿತು. ಚಂದ್ರ ಕದಲಲಿಲ್ಲ. ಅವನ ನಗುವೂ ನಿಂತಿತು.

ಗೆಳತಿಯರು ಶರಣವ್ವನನ್ನು ತಿವಿದರು. "ಉತ್ತರ ಹೇಳಿಬಿಡು ಲೇ, ಗೊತ್ತೈತಲ್ಲ ನಿನಗ!"

"ಹೇಳಿದ್ರ ಸರ ಹೋಗಿಬಿಡ್ತಾರ," ಎಂದಳು ಅವಳು.

ಈಗ ನನ್ನ ದೀಪ ಸವೆದಿದೆ. ಅದೇ ತರಗತಿಯ ಬೀರುವಿನ ತಲೆಯ ಮೇಲೆ ಕೂತಿದ್ದೇನೆ. ಬೆಳಕೆಲ್ಲ ನನ್ನದೇ ಎಂದುಕೊಂಡಿದ್ದೆ. ಪ್ರಶ್ನೆ ಕೇಳುವವರು ಇಲ್ಲದ ಬೆಳಕು ಗೋಡೆಯನ್ನಷ್ಟೇ ತೋರಿಸುತ್ತದೆ. ಇಲ್ಲಿ ಕೂತು ಮತ್ತೆ ಮತ್ತೆ ನೆನೆಯುವುದು ಒಂದು ಮಧ್ಯಾಹ್ನವನ್ನು.

"ನಾಳೆ ಇದನ್ನ ಆಫೀಸಿಗೆ ವಾಪಸ್ ಕಳಿಸ್ತೀನಿ," ಎಂದರು ಟೀಚರ್. "ಚಂದ್ರನ್ನ ಪುಸ್ತಕದಾಗ ನೋಡ್ಕೊಳ್ರಿ."

ಶರಣವ್ವ ಎದ್ದಳು. ನನ್ನ ಬೆಳಕನ್ನು ಹಾದು ಗೋಡೆಯ ಬಳಿಗೆ ನಡೆದಳು. ಅಲ್ಲಿ ಎರಡು ನೆರಳು ಬಿದ್ದವು. ಅವಳು ಒಬ್ಬಳೇ ಇದ್ದಳು. ಟೀಚರ್ ಬರೆಯುವುದನ್ನು ಬಿಟ್ಟು ತಲೆಯೆತ್ತಿದರು.

"ಎಲ್ಲೂ ಹೋಗಂಗಿಲ್ರೀ ಸರ," ಎಂದಳು ಮೆಲ್ಲಗೆ. "ಅಲ್ಲೇ ಇರ್ತಾನ. ಬೆಳಕು ಬಿದ್ದ ಮಗ್ಗಲ ನಮ್ಮ ಕಡಿ ಇರಂಗಿಲ್ಲ, ಅಷ್ಟ."