ಹಿಟ್ಟಿನ ನಡುವೆ ಗಸಗಸೆ

ಮಂಡ್ಯದ ಗುತ್ತಲಿನ ನಾಗಮಣಿಯ ಮನೆಯ ಹಜಾರದಲ್ಲಿ ಅವತ್ತು ಬೆಳಿಗ್ಗೆ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಸೂಟ್‌ಕೇಸು ಹಿಂದಿನ ದಿನವೇ ಹೊಟ್ಟೆ ಬಿರಿಯುವಷ್ಟು ತುಂಬಿಸಿಕೊಂಡು, ಸುತ್ತ ಹಗ್ಗ ಬಿಗಿಸಿಕೊಂಡು ಬಾಗಿಲ ಪಕ್ಕ ನಿಂತಿತ್ತು. ಉಳಿದಿದ್ದು ಎರಡೇ: ವಿಮಾನದೊಳಕ್ಕೆ ಕೈಯಲ್ಲಿ ಹಿಡಿದು ಹೋಗುವ ಬ್ಯಾಗು, ಮತ್ತೆ ಹೆಗಲಿಗೆ ಹಾಕಿಕೊಳ್ಳುವ ವ್ಯಾನಿಟಿ ಬ್ಯಾಗು. ಆ ಎರಡಕ್ಕೆ ಇಡೀ ಮನೆ ಬೆವರುತ್ತಿತ್ತು. ನಾಗಮಣಿ ಅಲ್ಲಿಯತನಕ ವಿಮಾನವನ್ನು ತಲೆಯೆತ್ತಿ ನೋಡಿದ್ದಳೇ ಹೊರತು ಹತ್ತಿದವಳಲ್ಲ. ಈಗ ಅಬುಧಾಬಿಯಲ್ಲಿ ನರ್ಸ್ ಆಗಿರುವ ಮಗಳು ಚಂದನಳ ಮನೆಗೆ, ಅದೂ ಒಬ್ಬಳೇ ಹೊರಟಿದ್ದಳು.

ಮಗ ಜಯಪ್ರಕಾಶ್, ಮನೆಯವರ ಬಾಯಲ್ಲಿ ಜೇಪಿ, ತೂಕದ ಕೊಕ್ಕೆಗೆ ಬ್ಯಾಗನ್ನು ತಗುಲಿಸಿ ಎತ್ತಿ ಹಿಡಿದಿದ್ದ. "ಏಳೇ ಕೇಜಿ ಕಣವ್ವ. ಜಾಸ್ತಿ ಆದ್ರೆ ಎಲ್ಲರ ಮುಂದೆ ಅಲ್ಲೇ ಬಿಚ್ಚುಸ್ತಾರೆ" ಎಂದು ಅವ್ವನನ್ನು ಮತ್ತಷ್ಟು ಹೆದರಿಸಿ, ಒಂದೊಂದನ್ನೇ ಹೊರಗೆ ತೆಗೆಯತೊಡಗಿದ. ಉಪ್ಪಿನಕಾಯಿ ಡಬ್ಬ ಹೋಯಿತು. ಮಡಿಲು ತುಂಬಿದ್ದ ಕೊಬ್ಬರಿ ಬಟ್ಟಲು ಹೋಯಿತು. ವ್ಯಾನಿಟಿ ಬ್ಯಾಗಿನ ತಳದಲ್ಲಿ ಎಲೆಅಡಿಕೆ ಚೀಲ, ಅದರೊಳಗೆ ಕಬ್ಬಿಣದ ಅಡಕತ್ತರಿ! ಜಯಪ್ರಕಾಶ್ ಹಣೆ ಚಚ್ಚಿಕೊಂಡ.

"ಇದುನ್ನ ಇಟ್ಕಂಡು ಪ್ಲೇನ್ ಅತ್ತೀಯಾ? ಯಾರ್ನ ಕುಯ್ಯಕ್ಕೆ?"

"ಅಡಕತ್ರಿ ಇಲ್ದೆ ನಾನೆಂಗ್ಲಾ ಇರಾದು ಒಂದು ತಿಂಗ್ಳು?" ಎಂದು ನಾಗಮಣಿ ಅಳುವಂತಾದಳು.

ಇಷ್ಟರ ನಡುವೆ ಪಕ್ಕದ ಮನೆಯ ಹೊಂಬಾಳಮ್ಮ ಕೈಯಲ್ಲೊಂದು ಗಂಟು ಹಿಡಿದು ಬಂದಳು. ಅವಳ ಮಗಳು ದೀಪಿಕ ಮತ್ತು ಈ ಚಂದನ ಭಾರತೀನಗರದಲ್ಲಿ ಒಟ್ಟಿಗೆ ನರ್ಸಿಂಗ್ ಓದಿದವರು. ಈಗ ಅಬುಧಾಬಿಯಲ್ಲಿ ಒಂದೇ ಆಸ್ಪತ್ರೆ, ಒಂದೇ ಕಟ್ಟಡದಲ್ಲಿ ಮನೆ. ದೀಪಿಕಳಿಗೆ ಹೆರಿಗೆಯಾಗಿ ಹದಿನೆಂಟು ದಿನವಾಗಿತ್ತು. ಹೊಂಬಾಳಮ್ಮನ ಪಾಸ್‌ಪೋರ್ಟು ಮಾತ್ರ ಇವತ್ತು ಬರುತ್ತೆ, ನಾಳೆ ಬರುತ್ತೆ ಅನ್ನುತ್ತಲೇ ಇನ್ನೂ ಬಂದಿರಲಿಲ್ಲ. ಚೊಚ್ಚಲ ಬಾಣಂತನಕ್ಕೆ ತಾಯಿಯಾದವಳು ಹೋಗಲಾಗಲಿಲ್ಲವಲ್ಲ ಎಂಬ ಸಂಕಟವನ್ನೆಲ್ಲ ಆ ಗಂಟಿನೊಳಗೆ ತುಂಬಿ ತಂದಿದ್ದಳು. ಕೂಸಿಗೆ ಎರಡು ಕುಲಾವಿ, ಹತ್ತು ಸಲ ಒಗೆದು ಮೆತ್ತಗಾದ ಹಳೇ ಸೀರೆಯ ತುಂಡುಗಳು, ತೇಯಲು ಒಂದು ಬಜೆಬೇರು, ಒಂದು ಕೇಜಿ ರಾಗಿ ಹುರಿಹಿಟ್ಟು.

"ಏನೈತಕ್ಕ ಇದ್ರೊಳ್ಗೆ?" ಹಿಟ್ಟಿನ ಕವರನ್ನು ಹಿಡಿದು ನಾಗಮಣಿ ಕೇಳಿದಳು. "ಜೇಪಿ ಏಳವ್ನೆ, ಯಾರ್ ಏನ್ ಕೊಟ್ರೂ ಕೇಳ್ಬುಟ್ಟು ಇಟ್ಕಬೇಕಂತೆ."

"ಉರಿಟ್ಟು ಕಣ್ ನಾಗು, ಬರೀ ಉರಿಟ್ಟು. ನಾನೇನ್ ಬಾಂಬ್ ಇಟ್ಟಿದ್ದೀನಾ?"

"ನೀನ್ ಕೊಟ್ಟಿದ್ದು ಅಂದ್ಮೇಲೆ ಮುಗೀತು ಬುಡು" ಎಂದು ನಾಗಮಣಿ ಕವರನ್ನು ಕೈಬ್ಯಾಗಿನ ತಳಕ್ಕೆ ತುರುಕಿ, ಗಂಟಿನಲ್ಲಿ ಉಳಿದದ್ದನ್ನು ಅದರ ಮೇಲಿಟ್ಟಳು. ತೂಕ ಆರು ಮುಕ್ಕಾಲು. ಕಾಲು ಕೇಜಿ ಉಳಿಯಿತೆಂದು ಎಲ್ಲರೂ ನಕ್ಕರು. ಹನ್ನೊಂದು ಗಂಟೆಗೆ ಕಾರು ಹೊರಟಿತು.

ಬರೀ ಹುರಿಹಿಟ್ಟಂತೆ! ಹೊಂಬಾಳಮ್ಮನ ಕಿವಿ ಚೆನ್ನಾಗಿಯೇ ಕೇಳುತ್ತದೆ, ಕೇಳಿದ್ದು ತಲೆಗೆ ಹೋಗುವುದಿಲ್ಲ, ಅಷ್ಟೇ. ವಾರದ ಕೆಳಗೆ ದೀಪಿಕ ಫೋನಿನಲ್ಲಿ ಎಷ್ಟು ಸ್ಪಷ್ಟವಾಗಿ ಹೇಳಿದ್ದಳು: "ಏನ್ ಕಳ್ಸುದ್ರೂ ಕಳ್ಸು, ಗಸಗಸೆ ಮಾತ್ರ ಬ್ಯಾಡ ಕಣವ್ವ. ಇಲ್ಲಿ ಬುಡಲ್ಲ." ಹೊಂಬಾಳಮ್ಮ ಹೂಂಗುಟ್ಟಿದ್ದಳು. ಆದರೆ ವಿಡಿಯೋದಲ್ಲಿ ಮಗಳ ಮುಖ ನೋಡಿದರೆ ಕಣ್ಣ ಕೆಳಗೆ ಕಾಡಿಗೆ ಬಳಿದಷ್ಟು ಕಪ್ಪು. ಕೂಸು ರಾತ್ರಿಯೆಲ್ಲ ಅಳುತ್ತದೆ, ತಾಯಿ ಹಗಲೆಲ್ಲ ಅಳುತ್ತಾಳೆ. ಬಾಣಂತಿ ಹೊಟ್ಟೆಗೆ ಒಂದು ಲೋಟ ಗಸಗಸೆ ಹಾಲು ಬೀಳದಿದ್ದರೆ ನಿದ್ದೆ ಎಲ್ಲಿಂದ ಬರಬೇಕು? ಬಿಡುವುದಿಲ್ಲ ಅಂದರೆ ಏನು ಮಾಡಿಯಾರು, ಕಿತ್ತು ಎಸೆಯುತ್ತಾರೆ, ನೂರು ಗ್ರಾಂ ತಾನೆ, ಹೋದರೆ ಹೋಯಿತು. ಹೀಗೆ ತಾನೇ ಕೇಳಿ ತಾನೇ ಉತ್ತರ ಹೇಳಿಕೊಂಡು, ಗಸಗಸೆಯ ಪೊಟ್ಟಣವನ್ನು ಹಿಟ್ಟಿನ ನಟ್ಟನಡುವೆ ಹುಗಿದು, ಮೇಲೆ ಮತ್ತೆ ಹಿಟ್ಟು ಸುರಿದು, ಕವರಿನ ಬಾಯನ್ನು ಮೇಣದಬತ್ತಿಯ ಉರಿಯಲ್ಲಿ ಸುಟ್ಟು ಅಂಟಿಸಿದ್ದಳು. ಗಂಡ ಜವರಯ್ಯನಿಗೂ ಹೇಳಿರಲಿಲ್ಲ.

ಕಾರು ಹೋದ ಅರ್ಧ ಗಂಟೆಗೆ ಎದುರು ಮನೆಯ ಸಂಪತ್ ಕುಮಾರ ಮೇಷ್ಟ್ರು ಗೇಟಿನ ಹತ್ತಿರ ಸಿಕ್ಕಿದರು. ಅವರ ತಮ್ಮ ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಬಂದವರು, ಹಾಗಾಗಿ ಆ ಕಡೆಯ ವಿಷಯವೆಲ್ಲ ಮೇಷ್ಟ್ರಿಗೆ ಬಾಯಿಪಾಠ.

"ಏನು ಹೊಂಬಾಳಮ್ಮ, ನಾಗಮಣಿ ಹೊರಟರಾ? ಮಗಳಿಗೆ ಬಾಣಂತಿ ಸಾಮಾನೆಲ್ಲ ಕಳಿಸಿದಿರಾ? ಗಸಗಸೆ ಕಳಿಸಿಲ್ಲ ತಾನೆ?"

ಹೊಂಬಾಳಮ್ಮ ನಕ್ಕಳು. "ಕಳ್ಸುದ್ರೆ ಏನ್ ಮೇಷ್ಟ್ರೇ? ಎಸೀತಾರೆ, ಅಷ್ಟೇಯ."

"ಎಸೆಯೋದಾ! ಅಲ್ಲಿ ಅದನ್ನ ಮಾದಕ ವಸ್ತು ಲೆಕ್ಕಕ್ಕೆ ಹಿಡೀತಾರೆ ಕಣಮ್ಮ. ಅಫೀಮಿನ ಗಿಡದ ಬೀಜ ಅಲ್ವೇ ಅದು? ಇಲ್ಲಿ ಪಾಯಸಕ್ಕೆ ಹಾಕ್ತೀವಿ, ನಮ್ಮ ಏರ್‌ಪೋರ್ಟಲ್ಲಿ ಯಾರೂ ಏನೂ ಅನ್ನಲ್ಲ. ಅಲ್ಲಿ ಇಳಿದ ಮೇಲೆ ಸಿಕ್ಕಿದ್ರೆ ಜೈಲು. ನನ್ನ ತಮ್ಮನ ರೂಮಿನವನೊಬ್ಬ ಗೊತ್ತಿಲ್ಲದೆ ತಗೊಂಡು ಹೋಗಿ ತಿಂಗಳುಗಟ್ಟಲೆ ಒಳಗಿದ್ದ. ಗೊತ್ತಿಲ್ಲ ಅಂದ್ರೆ ಕೇಳೋರ್ಯಾರು? ಯಾರ ಬ್ಯಾಗಲ್ಲಿ ಸಿಕ್ಕಿತೋ ಅವರೇ ಕಳ್ಳರು."

ಹೊಂಬಾಳಮ್ಮನ ನಗು ತುಟಿಯ ಮೇಲೆ ಹಾಗೇ ನಿಂತಿತು. ಒಲೆ ಮೇಲೆ ಸಾರಿದೆ ಅಂತ ಏನೋ ಒದರಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

ಯಾರ ಬ್ಯಾಗಲ್ಲಿ ಸಿಕ್ಕಿತೋ ಅವರೇ ಕಳ್ಳರು. ನಾಗಮಣಿ! ಸಂತೆಯಲ್ಲಿ ಪೊಲೀಸಿನವನು ಎದುರು ಬಂದರೆ ಸೆರಗು ಹೊದ್ದುಕೊಂಡು ಪಕ್ಕಕ್ಕೆ ಸರಿಯುವವಳು. ಕನ್ನಡ ಬಿಟ್ಟರೆ ಒಂದು ಮಾತು ಬಾರದು. ಕಾಣದ ಊರಿನಲ್ಲಿ ಅವಳ ಕೈಬ್ಯಾಗು ಬಿಚ್ಚಿ, ಹಿಟ್ಟು ಕೆದಕಿ, ಪೊಟ್ಟಣ ಎತ್ತಿ ಹಿಡಿದು ಇದೇನು ಅಂತ ಕೇಳಿದರೆ ಅವಳು ಏನು ಹೇಳಿಯಾಳು? ಒಂಬಾಳಕ್ಕ ಕೊಟ್ಟಳು ಅಂದಾಳು. ಯಾರು ಆ ಒಂಬಾಳಕ್ಕ? ಮಂಡ್ಯದಲ್ಲಿ ಫ್ಯಾನಿನ ಕೆಳಗೆ ಆರಾಮಾಗಿ ಕೂತಿರುವವಳು.

ನಾಗಮಣಿಯ ನಂಬರು ಒತ್ತಿದಳು. ಎತ್ತಿದವನು ಜಯಪ್ರಕಾಶ್. "ಏಳಿ ದೊಡ್ಡವ್ವ, ಮದ್ದೂರು ದಾಟುದ್ವಿ. ಸ್ಪೀಕರ್ ಆಕಿದ್ದೀನಿ, ಅವ್ವ, ಅತ್ತೆ ಎಲ್ಲಾ ಅವ್ರೆ."

ಅತ್ತೆ ಅಂದರೆ ನಾಗಮಣಿಯ ನಾದಿನಿ. ಅವಳ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಇಡೀ ಗುತ್ತಲಿಗೆ ಗೊತ್ತಾಗುತ್ತದೆ. ಗಸಗಸೆ ಅನ್ನುವ ನಾಲ್ಕು ಅಕ್ಷರ ಹೊಂಬಾಳಮ್ಮನ ಬಾಯಿಂದ ಈಚೆಗೆ ಬರಲಿಲ್ಲ.

"ಏನಕ್ಕ?" ನಾಗಮಣಿಯ ದನಿ.

"ಏನಿಲ್ಲ ಕಣ್ ನಾಗು... ಉಸಾರು. ಕಿಟ್ಕಿ ಪಕ್ಕದ್ ಸೀಟು ಕೇಳ್ಕೊ."

ಕಾರಿನಲ್ಲಿ ಎಲ್ಲರೂ ನಕ್ಕರು. ಫೋನ್ ಕಟ್ಟಾಯಿತು.

ಅಯ್ಯೋ ಮಾರಾಯ್ತಿ, ಎಂಥ ಹೆಂಗಸು ನೀನು! ಮಾನ ಹೋಗುತ್ತೆ ಅಂತ ಇನ್ನೊಬ್ಬಳನ್ನು ಜೈಲಿಗೆ ಕಳಿಸುತ್ತೀಯಾ? ಯಾರೂ ಎದುರಿಗಿಲ್ಲದೆ ಅವಳೇ ತನ್ನನ್ನು ಬೈದುಕೊಂಡಳು. ಮರುಕ್ಷಣ ಅವಳೇ ಸಮಾಧಾನವನ್ನೂ ಹೇಳಿಕೊಂಡಳು. ಎಷ್ಟು ಜನ ಹೋಗುತ್ತಾರೆ, ಎಲ್ಲರ ಬ್ಯಾಗಿನ ಹಿಟ್ಟು ಕೆದಕುತ್ತಾರಾ? ಮೇಷ್ಟ್ರು ಯಾವ ಮಾತನ್ನಾದರೂ ಎರಡು ಪಟ್ಟು ಮಾಡಿ ಹೇಳುವವರೇ. ಸಿಕ್ಕದೆ ಇದ್ದರೆ ಯಾರಿಗೂ ಗೊತ್ತಾಗದೆ ಹೋಗಬಹುದು.

ಆದರೆ ಸಿಕ್ಕಿದರೆ? ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟಳು. ಕೂತಳು, ಎದ್ದಳು, ದೇವರ ಮುಂದೆ ನಿಂತಳು. ದೇವರಿಗೆ ಏನೆಂದು ಬೇಡಿಕೊಳ್ಳುವುದು? ನಾನು ಹೇಳಿದ ಸುಳ್ಳನ್ನು ಕಾಪಾಡು ಅಂತಲಾ? ಕೈಮುಗಿಯಲೂ ಭಯವಾಗಿ ಈಚೆ ಬಂದಳು. ಎಂಟು ವರ್ಷದ ಹಿಂದೆ ತನಗೆ ಗರ್ಭಕೋಶದ ಆಪರೇಷನ್ ಆದಾಗ ಹನ್ನೆರಡು ದಿನ ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದವಳು ಇದೇ ನಾಗಮಣಿ. ಅಂಥವಳ ಕೈಗೆ ಬೇಡಿ ಹಾಕಿಸುತ್ತಿದ್ದೇನೆ!

ಎರಡೂವರೆಗೆ ಮತ್ತೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್. ಐದು ಗಂಟೆಗೆ ವಿಮಾನ. ಗೋಡೆ ಗಡಿಯಾರದ ಮುಳ್ಳು ನೋಡಲಾಗದೆ ಹೊಂಬಾಳಮ್ಮ ಹಿತ್ತಲಿಗೆ ಹೋಗಿ, ಅಲ್ಲೂ ನಿಲ್ಲಲಾಗದೆ ಒಳಗೆ ಬಂದು, ಕೊನೆಗೆ ಜಯಪ್ರಕಾಶನ ನಂಬರು ಒತ್ತಿದಳು.

"ಬುಟ್ಟಾಯ್ತು ದೊಡ್ಡವ್ವ. ಅವ್ವ ಒಳಕ್ಕೋಗಿ ಒಂದು ಗಂಟೆ ಆಯ್ತು. ಬ್ಯಾಟ್ರಿ ಉಳ್ಸು, ಅಲ್ಲಿ ಇಳುದ್ಮೇಲೆ ಆನ್ ಮಾಡು ಅಂದಿದ್ದೆ. ನಾವು ಇಲ್ಲೇ ಕಾಫಿ ಕುಡೀತಾ ಇದ್ದೀವಿ."

"ಜೇಪಿ, ಸ್ಪೀಕರ್ ಆಕಿದ್ದೀಯಪ್ಪ?"

"ಇಲ್ಲ, ಯಾಕೆ?"

"ಆಕಿದ್ರೂ ಆಕ್ಕೊ. ನಾನೊಂದು ತಪ್ಪು ಮಾಡ್ಬುಟ್ಟಿವ್ನಿ ಕಣಪ್ಪ." ಹೇಳಿದಳು. ಒಂದೇ ಉಸಿರಿಗೆ, ಹುಗಿದದ್ದು, ಸುಟ್ಟು ಅಂಟಿಸಿದ್ದು, ಮೇಷ್ಟ್ರು ಹೇಳಿದ್ದು ಎಲ್ಲ ಹೇಳಿದಳು.

ಆ ಕಡೆಯಿಂದ ಬಂದದ್ದು ಮುಂಚಿನ ಹುಡುಗನ ದನಿಯಾಗಿರಲಿಲ್ಲ. "ನಮ್ಮವ್ವುನ್ನ ಜೈಲಿಗ್ ಕಳ್ಸಕ್ಕೆ ನಿಮ್ಗೆ ನಾವೇನ್ ಮಾಡಿದ್ವು?" ಎಂದ. "ಕೌಂಟ್ರಲ್ಲಿ ಕಾಲ್ ಕಟ್ಕಂಡಾದ್ರೂ ಒಳಕ್ಕೆ ಸುದ್ದಿ ಮುಟ್ಟುಸ್ತೀನಿ. ಆದ್ರೆ ಆ ಮಾತ್ನ ನಾನು ಅವ್ವಂಗೆ ಏಳಕ್ಕಿಲ್ಲ. ನಿಮ್ಗೇ ಫೋನ್ ಮಾಡುಸ್ತೀನಿ. ನೀವೇ ಏಳಿ."

ಮೂರೂವರೆಯಾಯಿತು. ನಾಲ್ಕಾಯಿತು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೊಂಬಾಳಮ್ಮ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಇನ್ನು ವಿಮಾನ ಹತ್ತಿಸಿಬಿಡುತ್ತಾರೆ, ಹತ್ತಿಸಿಬಿಟ್ಟರೆ ಮುಗಿಯಿತು, ಆಮೇಲೆ ಅಳುವುದೊಂದೇ ಅಂತ ಒಂದೇ ಮಾತು ತಲೆಯೊಳಗೆ ಸುತ್ತುತ್ತಿತ್ತು. ನಾಲ್ಕೂ ಹತ್ತಕ್ಕೆ ಫೋನ್ ಬಡಿದುಕೊಂಡಿತು.

"ಅಕ್ಕ, ನಾನ್ ಕಣಕ್ಕ!" ನಾಗಮಣಿಯ ದನಿ. "ಮೈಕಲ್ಲಿ ನನ್ ಎಸ್ರು ಕೂಗ್ಬುಟ್ರು. ನನ್ ಜೀವ್ವೇ ಓಗ್ಬುಡ್ತು. ಜೇಪಿ ನಿನ್ಗೆ ಫೋನ್ ಮಾಡು ಅಂದ. ಚಂದನಂಗೇನಾರ ಆಯ್ತಾ? ದೀಪಿಕಂಗಾ? ಕೂಸ್ಗಾ?"

"ಯಾರ್ಗೂ ಏನೂ ಆಗಿಲ್ಲ. ನಾಗು, ಆ ಉರಿಟ್ಟಿನ್ ಕವರ್ ತಗ್ದು ಕಸದ್ ಡಬ್ಬಕ್ಕೆ ಆಕು. ಬಿಚ್ಬ್ಯಾಡ, ಅಂಗೇ ಆಕು. ಅದ್ರೊಳ್ಗೆ ಗಸಗಸೆ ಐತೆ. ಅಲ್ಲಿ ಅದುನ್ನ ಇಡುದ್ರೆ ಜೈಲ್ಗೆ ಆಕ್ತಾರಂತೆ."

ದೂರದಲ್ಲಿ ಯಾರೋ ಮೈಕಿನಲ್ಲಿ ಏನೋ ಹೇಳುವುದು ಕೇಳಿಸಿತು.

"ನಾನ್ ಕೇಳ್ದೆ ನಿನ್ನ."

"ಕೇಳ್ದೆ ಕಣ್ ನಾಗು."

"ಕಾರಲ್ಲಿದ್ದಾಗ ಫೋನ್ ಮಾಡ್ದಲ್ಲ, ಆಗ್ಲೂ ಗೊತ್ತಿತ್ತಾ?"

ಇಲ್ಲ ಅಂದುಬಿಡಬಹುದಿತ್ತು. ಆಮೇಲೆ ಗೊತ್ತಾಯಿತು ಅಂದರೆ ಅರ್ಧ ತಪ್ಪು ಕಳೆಯುತ್ತಿತ್ತು. "ಗೊತ್ತಿತ್ತು" ಎಂದಳು ಹೊಂಬಾಳಮ್ಮ.

ಬ್ಯಾಗಿನ ಜಿಪ್ಪು ಸರ್ರನೆ ಎಳೆದ ಸದ್ದು. ಏನೋ ಧೊಪ್ಪೆಂದು ಬಿತ್ತು.

"ಕವರ್ ಒಡ್ದಿಲ್ಲ ತಾನೆ? ಬ್ಯಾಗ್ ಕೊಡುವು ನಾಗು. ಒಂದ್ ಕಾಳೂ ಉಳೀಬಾರ್ದು."

ಕೊಡವುವ ಸದ್ದು. ಆಮೇಲೆ ನಾಗಮಣಿ ಕೇಳಿದಳು: "ಕುಲಾವಿ ಒಳ್ಗೆ ಏನ್ ಇಟ್ಟಿದ್ದೀಯೆ?"

"ಅದ್ರೊಳ್ಗೇನೂ ಇಲ್ಲ ಕಣೆ. ಬರೀ ಬಟ್ಟೆ."

"ಉರಿಟ್ಟೂ ಬರೀ ಉರಿಟ್ಟೇ ಅಂದಿದ್ದೆ."

ಹೊಂಬಾಳಮ್ಮ ಆಣೆ ಇಡಬೇಕೆಂದು ಬಾಯಿ ತೆರೆದಳು. ಯಾವ ಬಾಯಲ್ಲಿ ಆಣೆ ಇಡುವುದು? ಹದಿನೈದು ದಿನ ಕೂತು ಕೈಯಲ್ಲೇ ಹೊಲಿದ ಕುಲಾವಿ, ತಾನು ದೀಪಿಕಳನ್ನು ಸುತ್ತಿ ಮಲಗಿಸುತ್ತಿದ್ದ ಸೀರೆಯ ತುಂಡು. "ಎಸೆದ್ಬುಡು" ಎಂದಳು. "ಬಜೆಬೇರೂ ಎಸಿ. ನಂದು ಅಂತ ಒಂದೂ ಇಟ್ಕಬ್ಯಾಡ."

ಒಂದೊಂದೇ ಬೀಳುವುದು ಕೇಳಿಸಿತು. ಬಟ್ಟೆ ಬಿದ್ದರೆ ಸದ್ದಾಗುವುದಿಲ್ಲ, ಆದರೂ ಬಿದ್ದದ್ದು ಹೊಂಬಾಳಮ್ಮನಿಗೆ ಗೊತ್ತಾಯಿತು. ನಾಗಮಣಿ ಅಳುತ್ತಿದ್ದಳು. "ಕರೀತಾವ್ರೆ, ಓಯ್ತೀನಿ" ಎಂದಳು. ಎರಡು ಹೆಜ್ಜೆ ಹೋದವಳು ಮತ್ತೆ ನಿಂತಂತಾಯಿತು.

"ದೀಪಿಕ ಬಾಗ್ಲಲ್ಲೇ ಕಾಯ್ತಾ ಇರ್ತಾಳೆ. ನಮ್ಮವ್ವ ಏನ್ ಕೊಟ್ಳು ಅಂತಾಳೆ. ಏನ್ ಏಳ್ಲಿ?"

"ಏನೂ ಕೊಡ್ನಿಲ್ಲ ಅನ್ನು."

"ಅಂಗೇ ಅಂತೀನಿ" ಎಂದು ನಾಗಮಣಿ ಫೋನ್ ಇಟ್ಟಳು.